ಮಾಂಡವಿಯ ಮೇಲೊಂದು ಊಟ

ನಮ್ಮ ಅವಳಿ ನಗರಕ್ಕೆ ಎಲ್ಲವೂ ಉಂಟು, ನದಿಯೊಂದಿಲ್ಲ. ಪೇಢೆ ಉಂಟು, ಮಠ ಉಂಟು, ವಿಶ್ವವಿದ್ಯಾಲಯಗಳು ಉಂಟು, ಸಂಗೀತವಂತೂ ಕೇಳಬೇಕಾದ್ದೇ ಇಲ್ಲ. ಆದರೆ ಸಂಜೆಯ ಹೊತ್ತು ದಂಡೆಯ ಮೇಲೆ ಕುಳಿತು ಹರಿಯುವ ನೀರನ್ನು ನೋಡೋಣವೆಂದರೆ ನವನಗರದಿಂದ ಯಾವ ದಿಕ್ಕಿಗೆ ಹೊರಟರೂ ಹತ್ತಿರದಲ್ಲಿ ಅಂಥ ದಂಡೆ ಸಿಕ್ಕುವುದಿಲ್ಲ. 1962ರಲ್ಲಿ ಎರಡೂ ಊರುಗಳನ್ನು ಒಂದೇ ಪಾಲಿಕೆಯ ಸೂರಿನಡಿಗೆ ತಂದ ಹಿರಿಯರು ಬಹಳ ಕೆಲಸ ಮಾಡಿದರು. ನದಿಯನ್ನು ತರುವುದು ಅವರ ಕೈಯಲ್ಲಿರಲಿಲ್ಲ.

ಇದಕ್ಕೆ ಕಾರಣ ನೆಲದಲ್ಲಿಯೇ ಇದೆ. ನಾವು ವಾಸಿಸುತ್ತಿರುವುದು ನೀರು ಎರಡಾಗಿ ಒಡೆಯುವ ದಿಣ್ಣೆಯ ಮೇಲೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಮುಖಮಾಡಿ, ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರು ಪಡೆದು ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಊರಿನ ಪೂರ್ವಕ್ಕೆ ಬಿದ್ದ ಮಳೆಯಾದರೋ ಬೆಣ್ಣಿಹಳ್ಳದ ಹಾದಿ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕಡೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡು ಸಮುದ್ರಗಳಿಗೆ ನೀರು ಹಂಚುವ ಊರು ತನಗೆಂದು ಒಂದು ಹೊಳೆಯನ್ನೂ ಇಟ್ಟುಕೊಳ್ಳಲಿಲ್ಲ. ಉಣಕಲ್ಲ ಕೆರೆಯಿದೆಯಲ್ಲ ಎಂದು ವಾಚಕರು ಕೇಳಬಹುದು. ಇದೆ, ವಿವೇಕಾನಂದರ ಪ್ರತಿಮೆಯೂ ಇದೆ, ದೋಣಿ ವಿಹಾರವಿದ್ದ ದಿನಗಳೂ ಉಂಟು, ದೋಣಿಗಿಂತ ಅಂತರಗಂಗೆಯೇ ಹೆಚ್ಚಾಗಿದ್ದ ದಿನಗಳೂ ಉಂಟು. ಹೇಗಾದರೂ ಕೆರೆ ಕೆರೆಯೇ. ಅದರ ಮೇಲೆ ಕುಳಿತು ಎಲ್ಲಿಗೂ ಹೋಗಲಾಗುವುದಿಲ್ಲ. ಹೊರಟ ದಂಡೆಗೇ ಮರಳಬೇಕು.

ಆದುದರಿಂದ ಹರಿವ ನೀರಿನ ಮೇಲೆ ಕುಳಿತು ಊಟಮಾಡಬೇಕೆಂಬ ಬಯಕೆ ಹುಟ್ಟಿದ ಹುಬ್ಬಳ್ಳಿಯವನು ಪಣಜಿಗೆ ಹೋಗುತ್ತಾನೆ. ಅಣಮೋಡ ಘಟ್ಟವಿಳಿದು ಮೊಲೆಮ್, ಫೋಂಡಾಗಳನ್ನು ದಾಟಿದರೆ ಪಣಜಿ. ರೈಲನ್ನೇ ಮೆಚ್ಚುವವರಿಗೆ ಲೋಂಡಾ, ಕ್ಯಾಸಲ್ ರಾಕ್‌ಗಳ ಹಾದಿ ಇದೆ. ದೂಧಸಾಗರದ ಎದುರು ಗಾಡಿ ನಿಧಾನವಾದಾಗ ಡಬ್ಬಿಯ ಎಲ್ಲ ಜನ ಒಂದೇ ಬದಿಗೆ ನುಗ್ಗುವುದನ್ನು ನೋಡಬೇಕು! ಆ ಜಲಪಾತದ ನೀರೂ ಖಾಂಡೇಪಾರ ಎಂಬ ಉಪನದಿಯಾಗಿ ಮಾಂಡವಿಯನ್ನೇ ಸೇರುತ್ತದೆ. ಅಂದರೆ ಪಣಜಿಯ ದೋಣಿಯನ್ನು ಹತ್ತುವ ಮೊದಲೇ, ದಾರಿಯಲ್ಲಿ, ಆ ನದಿಯ ಒಂದು ಕವಲಿನ ದರ್ಶನ ನಮಗೆ ಆಗಿಹೋಗಿರುತ್ತದೆ.

ಪಣಜಿಯ ಸೇತುವೆಯ ಬಳಿ ಸಾಂತಾ ಮೋನಿಕಾ ಎಂಬ ಧಕ್ಕೆ. ಸೂರ್ಯಾಸ್ತದ ವೇಳೆಗೆ ಒಂದು ಗಂಟೆಯ ವಿಹಾರಕ್ಕೆ ಹೊರಡುವ ದೋಣಿಗಳು ಬೇರೆ. ಕತ್ತಲಾದ ಮೇಲೆ ಊಟಸಹಿತ ಸುಮಾರು ಎರಡು ಗಂಟೆ ತಿರುಗಿಸಿ ತರುವ ದೋಣಿಗಳು ಬೇರೆ. ಮೊದಲಿನದರಲ್ಲಿ ಗದ್ದಲ ಹೆಚ್ಚು. ಎರಡನೆಯದಕ್ಕೆ ಹಣ ಹೆಚ್ಚು, ಜನ ಸ್ವಲ್ಪ ಕಡಿಮೆ. ಮೇಲಿನ ಅಟ್ಟದಲ್ಲಿ ಜಾಗ ಹಿಡಿಯಬೇಕೆಂದರೆ ಅರ್ಧ ಗಂಟೆ ಮುಂಚೆಯೇ ಧಕ್ಕೆಯಲ್ಲಿರುವುದು ಒಳ್ಳೆಯದು. ವೇದಿಕೆಯ ಹತ್ತಿರ ಮಾತ್ರ ಕೂರಬಾರದು. ಅಲ್ಲಿಟ್ಟ ಧ್ವನಿವರ್ಧಕಗಳು ಒಂದು ತಾಲೂಕಿಗೆ ಸಾಕಾಗುವಂತಿರುತ್ತವೆ.

ದೋಣಿ ಪಶ್ಚಿಮಕ್ಕೆ, ಅಳಿವೆಯ ಕಡೆಗೆ ಮೆಲ್ಲನೆ ಸರಿಯುತ್ತದೆ. ಎಡಕ್ಕೆ ಪಣಜಿಯ ದೀಪಗಳು. ಅವುಗಳ ನಡುವೆ ಬಿಳಿಯ ಗೋಡೆಯ ಒಂದು ಹಳೆಯ ಭವನ ಕಾಣಿಸಿದರೆ ನಮ್ಮ ಕಡೆಯವರು ಒಂದು ಕ್ಷಣ ನಿಂತು ನೋಡಬೇಕು. ಅದು ವಿಜಾಪುರದ ಆದಿಲಶಾಹನ ಅರಮನೆ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದುಕೊಂಡ ಮೇಲೆ ಪೋರ್ತುಗೀಜರ ಪಾಲಾಗಿ, 1759ರಿಂದ ಅವರ ವೈಸರಾಯರ ನಿವಾಸವಾಗಿ, 1961ರ ವಿಮೋಚನೆಯ ನಂತರ ಬಹುಕಾಲ ವಿಧಾನಸಭೆಯ ಮನೆಯಾಗಿ ಬಾಳಿದ ಕಟ್ಟಡ. ಅದಕ್ಕೂ ಮೊದಲು ಈ ನಾಡನ್ನು ಆಳಿದ ಗೋವೆಯ ಕದಂಬರ ಶಾಸನಗಳು ಕನ್ನಡದಲ್ಲಿಯೂ ಇವೆ. ಹೊಳೆ ನಮ್ಮದೋ ಅವರದೋ ಎಂಬ ಪ್ರಶ್ನೆ ಆ ಕಾಲದಲ್ಲಿ ಯಾರ ತಲೆಗೂ ಹೊಳೆದಿರಲಾರದು. ಬಲಗಡೆಯ ದಂಡೆಯಲ್ಲಿ ರೇಯಿಸ್ ಮಾಗೋಸ್ ಕೋಟೆ. ಪಾಳುಬಿದ್ದಿದ್ದುದನ್ನು ದುರಸ್ತಿಮಾಡಿ 2012ರಲ್ಲಿ ಜನರಿಗೆ ತೆರೆದಿದ್ದಾರೆ. ಹಿಂದಿರುಗಿ ನೋಡಿದರೆ 2019ರಲ್ಲಿ ಸಂಚಾರಕ್ಕೆ ತೆರೆದ ಹಗ್ಗದ ಸೇತುವೆ ಬಣ್ಣಬಣ್ಣದ ಬೆಳಕಿನಲ್ಲಿ ಮಿಂಚುತ್ತಿರುತ್ತದೆ. ಅಲ್ಲಿದ್ದ ಹಳೆಯ ಸೇತುವೆಗಳಲ್ಲೊಂದು 1986ರ ಜುಲೈ ತಿಂಗಳಲ್ಲಿ ಕುಸಿದು ಬಿದ್ದಿತ್ತು. ಹೊಸದು ಬರುವತನಕ ಪಣಜಿಯ ಜನ ಫೆರಿ ದೋಣಿಗಳನ್ನೇ ನೆಚ್ಚಬೇಕಾಯಿತು. ವಿಹಾರದ ದೋಣಿಯಲ್ಲಿ ಕುಳಿತವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ವೇದಿಕೆಯ ಮೇಲೆ ಮೊದಲು ದೇಖಣಿ, ಫುಗಡಿಗಳು. ಆಮೇಲೆ ಪೋರ್ತುಗೀಜರ ಕಾಲದ ಕೊರಿದಿನ್ಯೋ ಕುಣಿತ. ಜೋಡಿಜೋಡಿಯಾಗಿ ಗಿರ್ರನೆ ತಿರುಗುವ ಆ ಕುಣಿತ ನೋಡಲು ನಿಜವಾಗಿಯೂ ಸೊಗಸು. ಅದು ಮುಗಿದ ಮೇಲೆ ಪ್ರಯಾಣಿಕರನ್ನೇ ಮೇಲೆ ಕರೆಯುತ್ತಾರೆ: ಮೊದಲು ಮಕ್ಕಳು, ಅನಂತರ ದಂಪತಿಗಳು. ಊರಿನಲ್ಲಿ ಮದುವೆಯ ಮೆರವಣಿಗೆಯಲ್ಲಿಯೂ ಕೈಕಟ್ಟಿ ನಡೆಯುವ ಗೃಹಸ್ಥರು ಅಲ್ಲಿ ಹಿಂದಿ ಹಾಡಿಗೆ ಹೆಜ್ಜೆ ಹಾಕುವುದುಂಟು. ಅವರವರ ಸಂತೋಷ! ಊಟವಾದರೋ ಸಾಧಾರಣ. ಮೀನು ತಿನ್ನುವವರಿಗೆ ಚಿಂತೆಯಿಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಅನ್ನ, ತೊವ್ವೆ, ಒಂದು ಪಲ್ಯ, ಕೋಕಮ್ಮಿನ ಸೋಲಕಡಿ. ಸೋಲಕಡಿ ಮಾತ್ರ ಎರಡು ಸಲ ಹಾಕಿಸಿಕೊಳ್ಳತಕ್ಕದ್ದು. ನನ್ನ ಮನೆಯವರು ಕೈಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು; ಅದನ್ನು ತೆಗೆಯಲು ಸಂಕೋಚಪಟ್ಟು ಹಾಗೆಯೇ ಮರಳಿ ಒಯ್ದರು.

ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ನಮ್ಮ ಮಾತು ಕೇಳಿ ನಕ್ಕ.

“ಹುಬ್ಬಳ್ಳಿ ಕಡಿಯಾವ್ರೇನ್ರೀ ಕಾಕಾ?”

“ಹೌದಪಾ, ನವನಗರ. ನಿಂದ ಯಾವೂರು?”

“ನವಲಗುಂದ ತಾಲೂಕ್ರೀ. ನಾಕೆಕರೆ ಐತ್ರಿ ಹೊಲ. ಅಪ್ಪ ನೋಡ್ಕೋತಾನ. ಕಾಲುವಿಗೆ ನೀರು ಬಂದ ವರ್ಷ ನಾನೂ ಹೋಗ್ತೀನ್ರಿ, ಇಲ್ಲಂದ್ರ ಇಲ್ಲೇ.”

“ಇದು ಮಹಾದಾಯಿ ನೀರು, ಗೊತ್ತೈತೇನು?” ಎಂದು ನನ್ನ ಮನೆಯವರು ಕೇಳಿದರು.

“ಗೊತ್ತಿಲ್ದ ಏನ್ರಿ ಅಕ್ಕಾರ? ನಮ್ಮಪ್ಪ ಧರಣಿಗೆ ಕುಂತಿದ್ದಾನ. ಆದ್ರ ಇಲ್ಲಿ ಆ ಮಾತು ಜೋರಾಗಿ ಆಡಬ್ಯಾಡ್ರಿ,” ಎಂದು ಹೇಳಿ ಅನ್ನದ ಪಾತ್ರೆಯೊಡನೆ ಮುಂದಿನ ಮೇಜಿಗೆ ಹೋದ.

ಅವನು ಹೋದ ಮೇಲೆ ಊಟ ಅಷ್ಟಾಗಿ ರುಚಿಸಲಿಲ್ಲವೆಂದರೆ ಅತಿಶಯವಾದೀತು, ಊಟ ಮಾಡಿದೆವು. ಆದರೆ ಲಕ್ಷ್ಯವೆಲ್ಲ ವೇದಿಕೆಯಿಂದ ನೀರಿನ ಕಡೆಗೆ ತಿರುಗಿತು. ಇದು ಎಲ್ಲಿಯ ನೀರು? ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ಕಾಡುಗಳಲ್ಲಿ ಹುಟ್ಟಿ, ಸುಮಾರು ಎಂಬತ್ತು ಕಿಲೋಮೀಟರು ಹರಿದು ಬಂದ ನೀರು. ಮೇಲೆ ಅದು ಮಹಾದಾಯಿ. ಗೋವೆಯವರ ಬಾಯಲ್ಲಿ ಮ್ಹಾದಯಿ. ಕೆಳಗೆ ಅಗಲವಾದಂತೆ ಮಾಂಡವಿ. ಅದರ ಜಲಾನಯನದ 2,032 ಚದರ ಕಿಲೋಮೀಟರುಗಳಲ್ಲಿ 375 ಕರ್ನಾಟಕದಲ್ಲಿ, 77 ಮಹಾರಾಷ್ಟ್ರದಲ್ಲಿ, ಉಳಿದ 1,580 ಗೋವೆಯಲ್ಲಿವೆ. ಅದೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ನಮ್ಮ ಮಲಪ್ರಭೆಯೂ ಹುಟ್ಟುತ್ತಾಳೆ. ನೆರೆಹೊರೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳು ಮಳೆ ಸುರಿಯುವ ಇಳಿಜಾರಿಗೆ ಹೋದಳು. ಇನ್ನೊಬ್ಬಳು ಒಣನೆಲದ ಮನೆಗೆ ಬಂದಳು. 1970ರ ದಶಕದ ಆರಂಭದಲ್ಲಿ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅವಳಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಆದರೆ ಅದು ತುಂಬಿದ ವರ್ಷಗಳು ಕಡಿಮೆ. ತುಂಬಿದಾಗ, 2019ರ ಆಗಸ್ಟಿನಂತೆ, ಒಮ್ಮೆಲೇ ತುಂಬಿ ಊರುಗಳನ್ನು ಮುಳುಗಿಸಿದ್ದೂ ಉಂಟು. ನಮ್ಮ ನಲ್ಲಿಗಳಿಗೆ ಅಮ್ಮಿನಭಾವಿಯ ಮೂಲಕ ಬರುವ ನೀರು ಆ ಜಲಾಶಯದ್ದೇ.

ನೀರಿಲ್ಲದ ಕಾಲುವೆಗೆ ಕರ ಕೊಡಬೇಕೆಂದಾಗ ನರಗುಂದ ನವಲಗುಂದಗಳ ರೈತರು ಎದ್ದು ನಿಂತರು. 1980ರ ಜುಲೈ 21ರಂದು ಗುಂಡು ಹಾರಿ ಪ್ರಾಣಗಳು ಹೋದವು. ಮಹಾದಾಯಿಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಕೂಗು ಆ ದಶಕದಲ್ಲಿಯೇ ಯೋಜನೆಯ ರೂಪ ಪಡೆಯಿತು. 2010ರಲ್ಲಿ ನ್ಯಾಯಾಧಿಕರಣ ಬಂತು. 2015ರಿಂದ ಮತ್ತೆ ಧರಣಿ, ಬಂದ್, ಮೆರವಣಿಗೆಗಳು. 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಟಿ.ಎಂ.ಸಿ. ಎಂದಾಯಿತು. ನಮ್ಮ ಪಾಲಿನಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಮಾತ್ರ, ದೊಡ್ಡ ಭಾಗ ವಿದ್ಯುತ್ತಿಗೆಂದು ಹೇಳಿದ್ದು. 2020ರ ಫೆಬ್ರವರಿಯಲ್ಲಿ ತೀರ್ಪು ರಾಜಪತ್ರದಲ್ಲಿ ಪ್ರಕಟವಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿತು. ಪೇಢೆ ಹಂಚಿದರು, ಪಟಾಕಿ ಹಾರಿಸಿದರು. ಆ ಬಳಿಕವೂ ಕಾಡಿನ, ವನ್ಯಜೀವಿಗಳ ಅನುಮತಿಗಾಗಿ ಕಡತಗಳು ದಿಲ್ಲಿಗೆ ಅಲೆದವು.

ಹುಬ್ಬಳ್ಳಿಯಲ್ಲಿ ಕುಳಿತಾಗ ಈ ವಾದ ಬಹಳ ಸುಲಭ. ಇಷ್ಟೊಂದು ನೀರು ವ್ಯರ್ಥವಾಗಿ ಸಮುದ್ರಕ್ಕೆ ಹೋಗುತ್ತಿದೆ, ನಮಗೊಂದು ಬೊಗಸೆ ಕೊಟ್ಟರೇನು? ಮಾಂಡವಿಯ ಮೇಲೆ ಕುಳಿತಾಗ ‘ವ್ಯರ್ಥ’ ಎಂಬ ಶಬ್ದ ಬಾಯಿಂದ ಅಷ್ಟು ಸರಾಗವಾಗಿ ಹೊರಡುವುದಿಲ್ಲ. ಇಲ್ಲಿಯ ನೀರು ಉಪ್ಪು. ಸಮುದ್ರದ ಭರತ ದಿನಕ್ಕೆರಡು ಸಲ ಈ ಹೊಳೆಯೊಳಗೆ ಬಹುದೂರದವರೆಗೆ ನುಗ್ಗುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಮೇಲಿನಿಂದ ಬರುವ ಸಿಹಿನೀರು. ಮಳೆಗಾಲದಲ್ಲಿ ಆ ನೀರಿಗೆ ಬರವಿಲ್ಲ. ಬೇಸಗೆಯಲ್ಲಿ ಮಾತ್ರ ಅದು ತೀರ ಕ್ಷೀಣಿಸುತ್ತದೆ. ಪಣಜಿಯವರು ಕುಡಿಯುವ ನೀರು ಇದೇ ನದಿಯ ಕವಲಾದ ಖಾಂಡೇಪಾರದ ಓಪಾ ಎಂಬಲ್ಲಿಂದ ಬರುತ್ತದೆ. ದಂಡೆಯ ಖಾಜನ ಗದ್ದೆಗಳಲ್ಲಿ ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದು ಬತ್ತ ಬೆಳೆದ ಒಕ್ಕಲಿಗರು ತಲೆತಲಾಂತರದಿಂದ ಇದ್ದಾರೆ. ಅವರ ಭಯ ಸುಳ್ಳು ನಟನೆಯಲ್ಲ.

ಹಾಗೆಂದು ನಮ್ಮ ಕಡೆಯ ದಾವೆ ಸುಳ್ಳೆಂದು ನಾನು ಹೇಳುತ್ತಿಲ್ಲ. ನ್ಯಾಯಾಧಿಕರಣದ ಲೆಕ್ಕದಂತೆ ನಾಲ್ಕರಲ್ಲಿ ಮೂರು ವರ್ಷಗಳಾದರೂ ನಂಬಬಹುದಾದ ಮಹಾದಾಯಿಯ ಇಳುವರಿ 188 ಟಿ.ಎಂ.ಸಿ. ಅದರಲ್ಲಿ 3.9 ಎಂದರೆ ನೂರಕ್ಕೆ ಎರಡರಷ್ಟು. ಇಷ್ಟನ್ನು ಮಳೆಗಾಲದಲ್ಲಿ ತೆಗೆದುಕೊಂಡರೆ ನದಿ ಸಾಯುವುದಿಲ್ಲವೆಂದೇ ನನ್ನ ಎಣಿಕೆ. ಕುಡಿಯುವ ನೀರಿಗೆ ದಿನವೆಣಿಸುವ ಓಣಿಗಳು ನಮ್ಮಲ್ಲಿ ಇನ್ನೂ ಇರುವಾಗ ಆ ಎರಡು ಪಾಲನ್ನು ಕೇಳಲು ನಾಚಬೇಕಾದ ಕಾರಣವೂ ಇಲ್ಲ. ನನಗೆ ಒಪ್ಪಿಗೆಯಾಗದ್ದು ಬೇರೆ. ಕೇಳುವ ನಾವು ನಮ್ಮ ಮನೆಯ ನೀರನ್ನು ಹೇಗೆ ಇಟ್ಟುಕೊಂಡಿದ್ದೇವೆ? ಉಣಕಲ್ಲಿನಿಂದ ಹುಬ್ಬಳ್ಳಿಯ ನಡುವೆ ಹಾಯುವ ನಾಲೆಯ ಸ್ಥಿತಿಯನ್ನು ಮೂಗಿರುವವರಾರೂ ಬಲ್ಲರು. ಶಾಲ್ಮಲೆ ಹುಟ್ಟಿದ ಊರಲ್ಲಿಯೇ ಅವಳನ್ನು ಹುಡುಕಬೇಕಾಗಿದೆ. ಕೊಡದವರ ಕಡೆಗೂ ಇದೇ ಪ್ರಶ್ನೆಯನ್ನು ಎಸೆಯಬಹುದು: ತಾಯಿಯೆಂದು ಕರೆಯುವ ನದಿಯ ಎದೆಯ ಮೇಲೆ ಸಾಲಾಗಿ ಲಂಗರು ಹಾಕಿದ ಜೂಜಿನ ಹಡಗುಗಳು ಯಾರಿಗಾಗಿ? ನಮ್ಮ ದೋಣಿ ಅವುಗಳ ಪಕ್ಕದಲ್ಲಿ ಹಾದುಹೋಗುವಾಗ ನೀರಿನ ಮೇಲೆ ನಕ್ಷತ್ರದ ಬೆಳಕಿರಲಿಲ್ಲ; ಇದ್ದುದೆಲ್ಲ ಕೆಂಪು ಹಸುರು ಜಾಹೀರಾತಿನ ಬೆಳಕು. ಆ ಹಡಗುಗಳ ಗಿರಾಕಿಗಳಲ್ಲಿ ನಮ್ಮ ಕಡೆಯವರು ಕಡಿಮೆಯಿಲ್ಲವೆಂಬುದನ್ನೂ ಹೇಳಿಬಿಡುವುದು ನ್ಯಾಯ.

ಹೋಗಬೇಕೆನ್ನುವ ವಾಚಕರು ಮಳೆಗಾಲ ಕಳೆದ ಮೇಲೆ, ಅಕ್ಟೋಬರದ ನಂತರ ಹೋಗಲಿ; ಗಾಳಿ ಹಿತವಾಗಿರುತ್ತದೆ. ಹಬ್ಬದ ರಜೆಗಳನ್ನೂ ವರ್ಷದ ಕೊನೆಯ ವಾರವನ್ನೂ ಬಿಡುವುದು ಲೇಸು. ಮರಳುವಾಗ ಅಣಮೋಡದ ಹಾದಿಯನ್ನು ಬಿಟ್ಟು, ಹಗಲಿನಲ್ಲಿ, ಸತ್ತರಿಯ ಮೇಲಿಂದ ಚೋರ್ಲಾ ಘಟ್ಟ ಹತ್ತಿ ಬರಬೇಕು. ಘಟ್ಟದ ಮೇಲೆ ಸಿಕ್ಕುವ ಊರೇ ಕಣಕುಂಬಿ. ಮಾವುಲಿ ದೇವಿಯ ಗುಡಿಯ ಹತ್ತಿರ ಮಲಪ್ರಭೆಯ ಉಗಮವಿದೆ. ಕಳಸಾದ ನೀರನ್ನು ತರಲೆಂದು ಅಗೆದ ಕಾಲುವೆಯೂ ಅದೇ ಊರಿನ ಬಳಿಯಿದೆ. ಎರಡನ್ನೂ ಅರ್ಧ ಗಂಟೆಯಲ್ಲಿ ನೋಡಬಹುದು. ಅಲ್ಲಿಂದ ಜಾಂಬೋಟಿಯ ಮೇಲೆ ಬೆಳಗಾವಿಗೆ ಬಂದರೆ ನವನಗರಕ್ಕೆ ಹೆದ್ದಾರಿ ನೇರ. ಕಟಕ ರೊಟ್ಟಿಯ ಗಂಟನ್ನು ನಾವು ಬಿಚ್ಚಿದ್ದು ಕಣಕುಂಬಿಯಲ್ಲಿ.