ಅಪ್ಪನೋ, ಅಮ್ಮನೋ?

‘ನಿನಗೆ ಅಪ್ಪ ಬೇಕೋ, ಅಮ್ಮ ಬೇಕೋ?’ ಮನೆಗೆ ಬಂದ ಅತಿಥಿಗಳು ಪುಟ್ಟ ಮಕ್ಕಳನ್ನು ವಿನೋದಕ್ಕೆಂದು ಕೇಳುವ ಪ್ರಶ್ನೆಯಿದು. ತಂದೆತಾಯಿಯರು ಬೇರೆಯಾಗುತ್ತಿರುವ ಮನೆಯಲ್ಲಿ ಮಾತ್ರ ಇದು ವಿನೋದವಾಗಿ ಉಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ವರ್ಗಾವಣೆಯ ನಿಮಿತ್ತ ನಾನು ನಾಸಿಕ ಜಿಲ್ಲೆಯ ಇಗತಪುರಿ ತಾಲೂಕಿನ ಘೋಟಿಯಲ್ಲಿದ್ದೆ. ಮುಂಬಯಿ-ಆಗ್ರಾ ಹೆದ್ದಾರಿಯ ಮೇಲಿರುವ, ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಊರದು. ನೆರೆಯ ಕನ್ನಡ ದಂಪತಿಗಳು ಅಗಲಿದರು. ತಾಯಿ ಧಾರವಾಡದ ತವರಿಗೆ ಮರಳಿದರು. ಹತ್ತು ವರ್ಷದ ಮಗ ತಂದೆಯೊಡನೆ ಉಳಿದ. ಎರಡೂ ಕಡೆಯ ಬಂಧುಗಳು ಅವನನ್ನು ಅದೇ ಪ್ರಶ್ನೆ ಕೇಳಿದರು. ಒಂದು ಸಂಜೆ ನಾನೂ ಕೇಳಿದೆ. ತಂದೆಯ ಎದುರು ‘ಇಲ್ಲಿಯೇ ಇರುತ್ತೇನೆ’ ಎಂದ. ತಾಯಿ ಬಂದಾಗ ‘ಧಾರವಾಡಕ್ಕೆ ಬರುತ್ತೇನೆ’ ಎಂದ. ಹುಡುಗ ಚಂಚಲನೆಂದು ಹಿರಿಯರು ತೀರ್ಮಾನಿಸಿದರು. ಅವನು ಚಂಚಲನಾಗಿರಲಿಲ್ಲ, ಎದುರಿಗಿದ್ದವರ ಮನಸ್ಸು ನೋಯದಂತೆ ಉತ್ತರಿಸುತ್ತಿದ್ದ. ನನಗೆ ಇದು ಅರ್ಥವಾದುದು ತಡವಾಗಿ.

ಹಾಗಾದರೆ ಮಗುವಿನ ಮಾತಿಗೆ ಬೆಲೆಯಿಲ್ಲವೇ? ಖಂಡಿತ ಇದೆ. 1890ರ ಪಾಲಕ ಮತ್ತು ಪಾಲ್ಯರ ಕಾಯಿದೆಯ 17ನೆಯ ಕಲಮಿನ ಮೇರೆಗೆ, ವಿವೇಚನೆಯಿಂದ ಇಚ್ಛೆಯನ್ನು ಹೇಳಬಲ್ಲಷ್ಟು ಬೆಳೆದ ಮಗುವಿನ ಇಚ್ಛೆಯನ್ನು ನ್ಯಾಯಾಲಯವು ಪರಿಗಣಿಸಬಹುದು. ಇಂತಿಷ್ಟೇ ವಯಸ್ಸೆಂದು ಕಾಯಿದೆ ಗೊತ್ತುಪಡಿಸಿಲ್ಲ. ಆದರೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವದ ಕಾಯಿದೆಯ 13ನೆಯ ಕಲಮು ಮಗುವಿನ ಹಿತವನ್ನೇ ಸರ್ವೋಪರಿಯಾಗಿ ಇರಿಸಿದೆ. ಇಚ್ಛೆ ಬೇರೆ, ಹಿತ ಬೇರೆ. ಬೆಂಗಳೂರಿಗೆ ಕರೆತರಲಾಗಿದ್ದ, ಅಮೆರಿಕದಲ್ಲಿ ಹುಟ್ಟಿದ ಬಾಲಕನೊಬ್ಬನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಜುಲೈಯಲ್ಲಿ ಈ ಭೇದವನ್ನೇ ಸ್ಪಷ್ಟಪಡಿಸಿತು: ಮಗುವಿನ ಬಯಕೆಯನ್ನು ಮಾತನಾಡಿಸಿ ತಿಳಿಯಬಹುದು, ಹಿತ ಯಾವುದೆಂಬುದನ್ನು ಸಕಲ ಸಂದರ್ಭಗಳನ್ನು ತೂಗಿ ನ್ಯಾಯಾಲಯವೇ ನಿರ್ಣಯಿಸಬೇಕು. ಬಾಲಕನನ್ನು ಅಮೆರಿಕಕ್ಕೆ ಮರಳಿ ಕಳುಹಿಸುವಂತೆ ಆದೇಶವಾಯಿತು.

ಈ ಭೇದದಲ್ಲಿ ಕರುಣೆಯೂ ಇದೆಯೆಂದು ನನ್ನ ಭಾವನೆ. ನಿರ್ಣಯದ ಹೊಣೆ ಹಿರಿಯರದಾದರೆ, ‘ನಾನು ಅಮ್ಮನನ್ನು ಬಿಟ್ಟೆ’ ಎಂಬ ಅಪರಾಧಭಾವ ಮಗುವಿನ ಹೆಗಲೇರುವುದಿಲ್ಲ.

ವಾಸಸ್ಥಳದ ಬದಲಾವಣೆಯೂ ಲಘುವಾದ ವಿಷಯವಲ್ಲ. ವಲಸೆ ಬಂದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಘೋಟಿಯಿಂದ ಧಾರವಾಡಕ್ಕೆ ಹೋಗುವ ಮಗು ಮನೆಯೊಂದನ್ನೇ ಅಲ್ಲ, ಶಾಲೆ, ಗೆಳೆಯರು, ಓಣಿಯ ಮರಾಠಿ ಮಾತು ಎಲ್ಲವನ್ನೂ ಬಿಟ್ಟು ಹೋಗುತ್ತದೆ. ಸುಪರ್ದಿನ ಆದೇಶಗಳು ಶಾಶ್ವತವಲ್ಲ. ಪರಿಸ್ಥಿತಿ ಬದಲಾದರೆ ಅವನ್ನೂ ಬದಲಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿಯೇ ಹೇಳಿದೆ. ಆದರೆ ಬೇಸಿಗೆಯ ರಜೆಯಲ್ಲಿ ಅಜ್ಜಿಯ ಮನೆ ಹಿತವೆನಿಸಿದ ಮಾತ್ರಕ್ಕೆ ಪರಿಸ್ಥಿತಿ ಬದಲಾಯಿತೆನ್ನಲಾಗದು. ಅದೇ ಇಚ್ಛೆ ತಿಂಗಳುಗಟ್ಟಲೆ ಸ್ಥಿರವಾಗಿದ್ದು, ಅದಕ್ಕೆ ಮಗು ತನ್ನದೇ ಕಾರಣ ಹೇಳುವುದಾದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಭಯವನ್ನೋ ಹೊಡೆತವನ್ನೋ ಹೇಳಿದರಂತೂ ಒಂದು ದಿನವೂ ಕಾಯಲಾಗದು.

ಬಂಧುಗಳಾಗಿ, ನೆರೆಯವರಾಗಿ ನಾವು ಮಾಡಬಹುದಾದುದು ಇಷ್ಟು: ಮಗುವಿಗೆ ಉತ್ತರವನ್ನು ಕಲಿಸದಿರೋಣ, ದೂರವಿರುವವರನ್ನು ಅದರ ಮುಂದೆ ಹಳಿಯದಿರೋಣ, ಅವರೊಡನೆ ಮಾತು ತಪ್ಪದಂತೆ ನೋಡಿಕೊಳ್ಳೋಣ. ಭೇಟಿ ಸಾಧ್ಯವಾಗದೆಡೆ ದೂರವಾಣಿ, ವಿಡಿಯೋ ಕರೆಗಳ ಮೂಲಕವಾದರೂ ಸಂಪರ್ಕ ಇರಬೇಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ.

ಘೋಟಿಯ ಆ ಹುಡುಗ ಕೊನೆಗೆ ಧಾರವಾಡಕ್ಕೆ ಹೋದ. ಹೊರಡುವ ದಿನ ನಾನು ಏನನ್ನೂ ಕೇಳಲಿಲ್ಲ. ಅದಕ್ಕೂ ಮೊದಲೇ ಕೇಳದಿದ್ದರೆ ಇನ್ನೂ ಚೆನ್ನಾಗಿತ್ತು.