ಮೊದಲು ನದಿಯ ತಳ ನೋಡಿ

ಸೇತುವೆ ಕೆಲಸಗಳಲ್ಲಿ ಮೇಸ್ತ್ರಿಯಾಗಿ ದುಡಿದವನು ನಾನು. ಮುಲ್ಲಾಮಾರಿ ನದಿ ತುಂಬಿದಾಗಲೆಲ್ಲ ಚಂದಾಪುರದ ಚಹಾದಂಗಡಿಯಲ್ಲಿ ಒಂದೇ ಮಾತು: ಇಲ್ಲಿನ ಸೇತುವೆಗೂ ದೊಡ್ಡ ನದಿಗಳ ಹಾಗೆ ಬಾವಿ ಅಡಿಪಾಯ, ಅಂದರೆ ಕೈಸನ್, ಹಾಕಬೇಕು. ನನಗೆ ಅದು ಒಪ್ಪಿಗೆಯಿಲ್ಲ.

ಕೈಸನ್ ಬೇಕಾಗುವುದು ಮರಳು, ಕೆಸರು ಆಳವಾಗಿರುವಲ್ಲಿ. ತೆರೆದ ಬಾವಿಯಾದರೆ ಕಾಂಕ್ರೀಟ್ ಗೋಡೆಗೆ ಉಕ್ಕಿನ ಅಂಚು ಕಟ್ಟಿ, ಒಳಗಿನ ಮಣ್ಣು ತೆಗೆಯುತ್ತ, ತನ್ನ ಭಾರಕ್ಕೇ ಇಳಿಯಲು ಬಿಡುತ್ತಾರೆ. ಓರೆಯಾಯಿತೋ, ನೇರ ಮಾಡಲು ವಾರಗಟ್ಟಲೆ ಹೆಣಗಬೇಕು. ತಳವಿರುವ ಪೆಟ್ಟಿಗೆಯನ್ನು ತೇಲಿಸಿ ತಂದು ಸಮಮಾಡಿದ ನೆಲದ ಮೇಲೆ ಕೂರಿಸುವುದು ಇನ್ನೊಂದು ಬಗೆ. ಮೂರನೆಯದು ಒತ್ತಿದ ಗಾಳಿಯದು: ಗಾಳಿ ತುಂಬಿ ನೀರನ್ನು ತಡೆದು, ಒಳಗೆ ಜನ ಅಗೆಯುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಂಥ ಕೈಸನ್‌ನಲ್ಲಿ ದುಡಿದ ಕೆಲವು ಕಾರ್ಮಿಕರು ಆ ಒತ್ತಡ ತಂದ ಕಾಯಿಲೆಯಿಂದ ಸತ್ತರು, ಅದೇ ಕಾಯಿಲೆಯಿಂದ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಹಾಸಿಗೆ ಹಿಡಿದರು.

ನಮ್ಮ ನೆಲ ಬೇರೆ. ಸೇಡಂ, ವಾಡಿ, ಶಹಾಬಾದ್ ಸುತ್ತ ಪದರುಪದರಾದ ಸುಣ್ಣಕಲ್ಲು. ಎಷ್ಟೋ ಕಡೆ ಕರಿಮಣ್ಣು ಸರಿಸಿದರೆ ಬಂಡೆ. ಅಂಥಲ್ಲಿ ಅಗೆದು ಬಂಡೆಯೊಳಗೆ ಕಂಬ ಕೂರಿಸಿದರೆ ಸಾಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆ ಗಟ್ಟಿ ಬಂಡೆಯಲ್ಲಿ 0.6 ಮೀಟರ್, ಮೆದುವಾದದ್ದರಲ್ಲಿ 1.5 ಮೀಟರ್ ಇಳಿಸಲು ಹೇಳುತ್ತದೆ. ಆದರೆ ಪದರಗಳ ನಡುವೆ ಜೇಡಿ ಅಡಗಿರಬಹುದು. ಅದಕ್ಕೇ ಪ್ರತಿ ಕಂಬದಡಿ ಕೊರೆದು ನೋಡಬೇಕು. ಮಾದರಿ ಕಲ್ಲನ್ನು ಊರವರಿಗೂ ತೋರಿಸಬೇಕು.

ಮಳಖೇಡದಲ್ಲಿ ಕಾಗಿಣಾ ನದಿಯ ಸೇತುವೆ ಮುಳುಗಿದ್ದು ಅಡಿಪಾಯದ ದೋಷದಿಂದಲ್ಲ, ಅದು ತಗ್ಗಾಗಿದ್ದಕ್ಕೆ. ದುಡ್ಡಿದ್ದರೆ ಸೇತುವೆಯನ್ನು ಎತ್ತರಿಸಿ, ನೀರಿಗೆ ದಾರಿ ಅಗಲಿಸಿ, ಎರಡೂ ಬದಿಯ ರಸ್ತೆ ಭದ್ರ ಮಾಡಿ.