ಅಳತೆ ಚೀಟಿ ಇಲ್ಲದೆ ಬೋರ್ ಮಾಡಿಸಬೇಡಿ

ಚಿಕ್ಕೋಡಿಯಲ್ಲಿ ಸವೆದ ಇಂಜಿನ್ ಸಿಲಿಂಡರುಗಳನ್ನು ಕೊರೆದು ಮತ್ತೆ ದುಂಡಗೆ ಮಾಡುವ ಬೋರಿಂಗ್ ಮಷೀನು ಇಟ್ಟುಕೊಂಡು ಸಂಸಾರ ನಡೆಸಿದವನು ನಾನು. ಕೆಲಸ ಕಲಿತದ್ದು ಕೊಲ್ಹಾಪುರದಲ್ಲಿ, ಮರಾಠಿ ಉಸ್ತಾದರೊಬ್ಬರ ಕೈಕೆಳಗೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯಿಂದ ಇಂದಿಗೂ ಹಳೆಯ ಗಾಡಿಗಳ ಸಿಲಿಂಡರ್ ಬ್ಲಾಕುಗಳು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬರುತ್ತವೆ. ತಂದವರು ಹೇಳುವುದು ಹೆಚ್ಚಾಗಿ ಎರಡೇ ಮಾತು: ‘ಹೊಗೆ ಬಿಡಾಕತ್ತೈತ್ರಿ, ಬೋರ್ ಮಾಡಿಬಿಡ್ರಿ.’ ಎಷ್ಟು ಸವೆದಿದೆ, ಎಷ್ಟು ತೆಗೆಯುತ್ತೀರಿ ಎಂದು ಕೇಳುವವರು ಅಪರೂಪ. ನಾನು ಹೇಳಬೇಕೆಂದಿರುವುದು ಇದನ್ನೇ. ಎಷ್ಟು ಲೋಹ ತೆಗೆದೆವು, ಯಾಕೆ ತೆಗೆದೆವು ಎಂದು ಬರೆದುಕೊಡದ ಅಂಗಡಿಗೆ ನಿಮ್ಮ ಬ್ಲಾಕ್ ಕೊಡಬೇಡಿ. ನನ್ನ ಅಂಗಡಿಗೂ ಇದೇ ನಿಯಮ.

ಬರುವವುಗಳಲ್ಲಿ ಬುಲೆಟ್ಟಿನವೇ ಹೆಚ್ಚು. ಆಮೇಲೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ರಾಜದೂತ, ಬಜಾಜ್ ಚೇತಕ್. ನಡುನಡುವೆ ಹಳೆಯ ಐಷರ್ ಟ್ರ್ಯಾಕ್ಟರಿನ ಒಂಟಿ ಸಿಲಿಂಡರು. ಒಂದೂವರೆ ಲೀಟರಿಗೂ ಮಿಕ್ಕಿದ ಆ ಸಿಲಿಂಡರನ್ನು ಮೇಜಿನ ಮೇಲೆ ಇಡಲು ಇಬ್ಬರು ಬೇಕು. ಇವೆಲ್ಲ ಗಾಳಿಯಿಂದ ತಣಿಯುವ ಇಂಜಿನ್ನುಗಳು. ರೇಡಿಯೇಟರ್ ಇಲ್ಲ, ನೀರಿಲ್ಲ. ಸಿಲಿಂಡರಿನ ಸುತ್ತಲಿನ ರೆಕ್ಕೆಗಳೇ ಗತಿ. ಕಾರುಗಳಲ್ಲಿ ಈ ಜಾತಿಗೆ ಸೇರಿದ್ದು ಫೋಕ್ಸ್‌ವ್ಯಾಗನ್ ಬೀಟಲ್. ಅದರ ನಾಲ್ಕು ಸಿಲಿಂಡರುಗಳು ಬಿಡಿಬಿಡಿಯಾಗಿರುತ್ತವೆ. ಹಳೆಯ 1200 ಮಾದರಿಯಲ್ಲಿ ಬೋರು 77 ಮಿಲಿಮೀಟರ್, ಕೊನೆಯ 1600ರಲ್ಲಿ 85.5. ಹೊರದೇಶಗಳಲ್ಲಿ ಬೀಟಲ್ ಇಟ್ಟುಕೊಂಡವರು ಸವೆದ ಸಿಲಿಂಡರನ್ನು ಕೊರೆಯುವ ಗೋಜಿಗೆ ಹೆಚ್ಚಾಗಿ ಹೋಗುವುದಿಲ್ಲ. ಪಿಸ್ಟನ್ ಸಮೇತ ಹೊಸ ಸೆಟ್ಟನ್ನೇ ತಂದು ಹಾಕುತ್ತಾರೆ, ಏಕೆಂದರೆ ಅಲ್ಲಿ ಒಳ್ಳೆಯ ಸೆಟ್ ಸಿಗುತ್ತದೆ. ನಮ್ಮ ಸ್ಥಿತಿ ಬೇರೆ. ಮೈಸೂರಿನ ಕಾರ್ಖಾನೆ 1996ರಲ್ಲೇ ನಿಂತಿತು. ಹಳೆಯ ಯೆಜ್ಡಿಗೆಂದು ಪೇಟೆಯಲ್ಲಿ ಮಾರುವ ಸಿಲಿಂಡರುಗಳನ್ನು ನಾನು ಅಳೆದು ನೋಡಿದ್ದೇನೆ. ಕಾರ್ಖಾನೆಯ ಎರಕದ ಮುಂದೆ ಅವು ನಿಲ್ಲುವುದಿಲ್ಲ. ಗಾಡಿಯ ಜೊತೆ ಬಂದ ಬ್ಲಾಕನ್ನೇ ಜೋಪಾನ ಮಾಡಬೇಕು.

ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲಿನ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ ಉರಿಯ ಒತ್ತಡ ಹೆಚ್ಚು, ಆಯಿಲ್ ಕಡಿಮೆ. ಸವೆತ ಅಲ್ಲೇ ಜಾಸ್ತಿ. ಅದಕ್ಕಿಂತ ಮೇಲೆ ರಿಂಗು ಮುಟ್ಟದ ಸಣ್ಣ ಪಟ್ಟಿ ಹಾಗೇ ಉಳಿದು ಅಂಚು ಕಟ್ಟುತ್ತದೆ. ಉಗುರು ಆಡಿಸಿದರೆ ಕೈಗೆ ಸಿಗುತ್ತದೆ. ಪಿಸ್ಟನ್ ಪಿನ್ನಿಗೆ ಅಡ್ಡಲಾಗಿರುವ ಎರಡು ಗೋಡೆಗಳ ಮೇಲೆ ಪಿಸ್ಟನ್ನಿನ ತಳ್ಳು ಬೀಳುವುದರಿಂದ ಅವು ಉಳಿದ ಕಡೆಗಿಂತ ಬೇಗ ಸವೆಯುತ್ತವೆ. ಹೀಗೆ ದುಂಡಗಿದ್ದ ಬೋರು ಮೊಟ್ಟೆಯಾಕಾರಕ್ಕೆ ತಿರುಗಿ, ಮೇಲೆ ಅಗಲ, ಕೆಳಗೆ ಕಿರಿದು ಆಗುತ್ತದೆ. ಇಂಥ ಬೋರಿಗೆ ಬರೀ ಹೊಸ ರಿಂಗು ಹಾಕಿದರೆ ಎರಡು ತಿಂಗಳು ಹೊಗೆ ನಿಂತಂತೆ ಕಾಣಬಹುದು, ಅಷ್ಟೇ. ಎಷ್ಟೋ ಸಲ ಹೊಸ ರಿಂಗಿನ ಚೂಪು ಮೂಲೆ ಆ ಅಂಚಿಗೆ ಬಡಿದು ರಿಂಗೇ ತುಂಡಾಗುತ್ತದೆ.

ಆದ್ದರಿಂದ ಬೋರ್ ಡಯಲ್ ಗೇಜು ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಪ್ರತಿ ಮಟ್ಟದಲ್ಲೂ ಪಿನ್ನಿನ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಒಟ್ಟು ಆರು ಅಳತೆ. ಹತ್ತು ನಿಮಿಷದ ಕೆಲಸ. ಈ ಹತ್ತು ನಿಮಿಷ ಉಳಿಸಲು ಹೋಗಿ ಎಷ್ಟು ಬ್ಲಾಕುಗಳು ಹಾಳಾಗಿವೆ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಅಥಣಿ ಕಡೆಯ ಹುಡುಗನೊಬ್ಬ ಅಜ್ಜನ ಬುಲೆಟ್ಟಿನ ಬ್ಲಾಕ್ ತಂದಿದ್ದ. ಸ್ಟ್ಯಾಂಡರ್ಡ್ ಬೋರು, ಒಂದು ಸಲವೂ ಕೊರೆದದ್ದಲ್ಲ. ‘ಕಾಕಾ, ಒಮ್ಮೆಲೇ ನಲವತ್ತಕ್ಕ ಹೋಗಿಬಿಡ್ರಿ, ಪಿಕಪ್ ಬರತೈತಿ’ ಅಂದ. ನಾವು ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಅನ್ನುವುದು ಬೋರನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುವ ಲೆಕ್ಕ. ಮಿಲಿಮೀಟರಿನಲ್ಲಿ ಹೇಳುವುದಾದರೆ ಕಾಲು, ಅರ್ಧ, ಮುಕ್ಕಾಲು, ಒಂದು. ಅಳೆದು ನೋಡಿದೆ. ಅತಿ ಹೆಚ್ಚು ಸವೆದ ಕಡೆ 0.11 ಮಿಲಿಮೀಟರ್. ಆ ಸವೆತ ಪೂರ್ತಿ ಒಂದೇ ಗೋಡೆಗೆ ಬಿದ್ದಿದೆ ಎಂದುಕೊಂಡರೂ, ನಡುಬಿಂದು ಕದಲಿಸದೆ ವ್ಯಾಸದಲ್ಲಿ 0.22 ತೆಗೆದರೆ ಬೋರು ಮತ್ತೆ ದುಂಡಗಾಗುತ್ತದೆ. ಹತ್ತರ ಪಿಸ್ಟನ್ ಸಾಕು.

‘ತಮ್ಮಾ, ಇಲ್ಲಿ ಕೂಡು’ ಎಂದು ಅವನಿಗೆ ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಬುಲೆಟ್ 350ರ ಬೋರು 70 ಮಿಲಿಮೀಟರ್, ಸ್ಟ್ರೋಕು 90. ಒಟ್ಟು 346 ಸಿಸಿ. ಬೋರನ್ನು 71ಕ್ಕೆ ಒಯ್ದರೆ 356. ಒಂದು ಪೂರ್ತಿ ಮಿಲಿಮೀಟರ್ ಲೋಹ ಕಳೆದುಕೊಂಡು ಸಿಗುವುದು ಹತ್ತೇ ಸಿಸಿ, ನೂರಕ್ಕೆ ಮೂರರಷ್ಟು. ರಸ್ತೆಯ ಮೇಲೆ ಅದು ಯಾರ ಅನುಭವಕ್ಕೂ ಬರುವುದಿಲ್ಲ. ಪಿಕಪ್ ಬಂತು ಅನ್ನಿಸುವುದು ಸೋರುತ್ತಿದ್ದ ಕಂಪ್ರೆಷನ್ ನಿಂತದ್ದರಿಂದ. ಅದು ಹತ್ತರಲ್ಲೂ ಅಷ್ಟೇ ಬರುತ್ತದೆ. ನಲವತ್ತಕ್ಕೆ ಹೋದರೆ ಮುಂದಿನ ಮೂರು ಬೋರಿಂಗುಗಳ ಬಂಡವಾಳವನ್ನು ಒಂದೇ ದಿನ ಸುರಿದಂತೆ. ಹುಡುಗ ಒಪ್ಪಿದ. ಆ ಬ್ಲಾಕಿಗೆ ಇನ್ನೂ ಮೂರು ಸರತಿ ಬಾಕಿ ಇದೆ.

ಸರತಿ ಮುಗಿದ ಮೇಲೆ ಲೈನರ್, ಅಂದರೆ ಒಳಗೊಂದು ಹೊಸ ಕೊಳವೆ, ಹೊಡೆಸಿದರಾಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಹೊಡೆಸಬಹುದು, ನಾನೂ ಹೊಡೆದುಕೊಡುತ್ತೇನೆ. ಆದರೆ ನೀರಿಲ್ಲದ ಇಂಜಿನ್ನಿನಲ್ಲಿ ಬೋರಿನ ಬಿಸಿ ಎಲ್ಲ ಲೋಹದಿಂದ ಲೋಹಕ್ಕೆ ದಾಟಿ ರೆಕ್ಕೆಗೆ ಹೋಗಬೇಕು. ಲೈನರಿಗೂ ಬ್ಲಾಕಿಗೂ ನಡುವೆ ಎಲ್ಲಾದರೂ ಸಂದು ಉಳಿದರೆ ಬಿಸಿ ಅಲ್ಲೇ ನಿಂತುಬಿಡುತ್ತದೆ. ಗೋಡೆ ತೆಳುವಾದಷ್ಟೂ ಸಿಲಿಂಡರು ಬಿಸಿಗೆ ಸೊಟ್ಟಗಾಗುವುದೂ ಹೆಚ್ಚು. ಬುಲೆಟ್ಟಿನ ಮುಂಭಾಗಕ್ಕೆ ಗಾಳಿ ನೇರ ಬಡಿಯುತ್ತದೆ, ಹಿಂಭಾಗ ಅದರ ಮರೆಯಲ್ಲಿ ಕಾಯುತ್ತಿರುತ್ತದೆ. ಇಂಥ ಇಂಜಿನ್ನಿಗೆ ದಪ್ಪ ಗೋಡೆಯೇ ಆಸ್ತಿ.

ಎರಡನೆಯ ಮಾತು ಪಿಸ್ಟನ್ನಿನದು. ಪಿಸ್ಟನ್ ಕೈಯಲ್ಲಿಲ್ಲದೆ ಬೋರ್ ಮಾಡಬಾರದು. ಪೆಟ್ಟಿಗೆಯ ಮೇಲೆ 0.50 ಎಂದು ಅಚ್ಚಾಗಿದ್ದರೆ ಒಳಗಿರುವುದು ಕರಾರುವಾಕ್ಕಾಗಿ ಅಷ್ಟೇ ಎಂದು ನಂಬಿ ಕೂಡುವಂತಿಲ್ಲ. ಪಿನ್ನಿಗೆ ಅಡ್ಡವಾಗಿ, ಸ್ಕರ್ಟಿನ ಕೆಳಭಾಗದಲ್ಲಿ ಮೈಕ್ರೋಮೀಟರ್ ಹಿಡಿದು ಅಳೆಯಬೇಕು. ಆ ಅಳತೆಗೆ ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡಬೇಕಾದ ಸಂದನ್ನು ಸೇರಿಸಿದರೆ ಬರುವುದೇ ಬೋರಿನ ಸೈಜು. ಅಲ್ಯುಮಿನಿಯಂ ಬಿಸಿಗೆ ಬೀಡಿಗಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ನೀರಿನ ಇಂಜಿನ್ನಿಗೆ ಬಿಡುವಷ್ಟೇ ಸಂದು ಬಿಟ್ಟು ಬುಲೆಟ್ ಕಟ್ಟಿದರೆ, ಹತ್ತು ಮೈಲು ಹೋಗುವಷ್ಟರಲ್ಲಿ ಪಿಸ್ಟನ್ ಬೋರಿಗೆ ಕಚ್ಚಿಕೊಳ್ಳುತ್ತದೆ. ಒಮ್ಮೆ ನನ್ನ ಅಣ್ಣನ ಗಾಡಿ ಬೇರೆ ಊರಿನ ಅಂಗಡಿಯೊಂದರಲ್ಲಿ ಬೋರ್ ಆಗಿ ಬರುವಾಗ ರಾಯಬಾಗ ರಸ್ತೆಯಲ್ಲಿ ಹಿಂದಿನ ಗಾಲಿ ಜಾಮ್ ಆಗಿ ನಿಂತಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಅಣ್ಣ ಉಳಿದದ್ದು ದೊಡ್ಡದು. ಬಿಚ್ಚಿ ಅಳೆದರೆ ಸಂದು ಬೇಕಾದದ್ದರ ಅರ್ಧವೂ ಇರಲಿಲ್ಲ. ಬಿಲ್ಲಿನಲ್ಲಿ ‘ಬೋರಿಂಗ್’ ಎಂಬ ಒಂದೇ ಪದವಿತ್ತು, ಅಳತೆ ಇರಲಿಲ್ಲ. ಏನೆಂದು ಹೋಗಿ ಕೇಳುವುದು?

ಕೊರೆಯುವ ಬಾರಿನಲ್ಲೇ ಕೊನೆಯ ಸೈಜು ಮುಟ್ಟಬಾರದು, ಹೋನಿಂಗಿಗೆಂದು ಸ್ವಲ್ಪ ಉಳಿಸಬೇಕು. ಹೋನಿಂಗ್ ಕಲ್ಲು ಮೇಲೆ ಕೆಳಗೆ ಆಡುತ್ತ ತಿರುಗಿದಾಗ ಗೋಡೆಯ ಮೇಲೆ ಓರೆಗೆರೆಗಳ ಜಾಲರಿ ಮೂಡುತ್ತದೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಕನ್ನಡಿಯಂತೆ ಹೊಳೆಯುವ ಬೋರನ್ನು ನೋಡಿ ಖುಷಿಪಡುವ ಗಿರಾಕಿಗಳಿಗೆ ನಾನು ಇದನ್ನು ಬಿಡಿಸಿ ಹೇಳುತ್ತೇನೆ. ಯೆಜ್ಡಿ, ರಾಜದೂತ, ಚೇತಕ್ ಟೂ ಸ್ಟ್ರೋಕ್ ಗಾಡಿಗಳು. ಅವುಗಳ ಗೋಡೆಯಲ್ಲಿ ಪೋರ್ಟುಗಳ ಕಿಂಡಿಗಳಿವೆ. ಕೊರೆದ ಮೇಲೆ ಕಿಂಡಿಯ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಅದನ್ನು ಸಣ್ಣಗೆ ಓರೆ ಹೊಡೆದು ಮಟ್ಟ ಮಾಡದಿದ್ದರೆ ರಿಂಗು ಕಿಂಡಿಗೆ ಸಿಕ್ಕಿ ಮುರಿಯುತ್ತದೆ, ಮುರಿದ ಚೂರು ಹೊಸ ಬೋರನ್ನು ಗೀರಿ ಹಾಕುತ್ತದೆ. ಕೊನೆಗೆ ಬಿಸಿ ನೀರು, ಸೋಪು, ಬ್ರಷ್ಷು. ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದರೆ ಕಲ್ಲಿನ ಪುಡಿ ಗೆರೆಗಳಲ್ಲೇ ಕೂತಿರುತ್ತದೆ. ಬಿಳಿ ಅರಿವೆಯಿಂದ ಒರೆಸಿದಾಗ ಅರಿವೆ ಬಿಳಿಯಾಗಿಯೇ ಉಳಿಯಬೇಕು. ಕೂಡಲೇ ಆಯಿಲ್ ಸವರಬೇಕು, ಇಲ್ಲವಾದರೆ ಸಂಜೆಯೊಳಗೆ ಜಂಗು.

ನಮ್ಮ ಭಾಗದಲ್ಲಿ ಬೋರು ಬೇಗ ಸವೆಯುವುದಕ್ಕೆ ದೊಡ್ಡ ಕಾರಣ ಧೂಳು. ಉಗಾರದಿಂದ ನಿಪ್ಪಾಣಿವರೆಗೆ ಸಕ್ಕರೆ ಕಾರ್ಖಾನೆಗಳ ದಾರಿಯಲ್ಲಿ ಹಂಗಾಮಿನುದ್ದಕ್ಕೂ ಕಬ್ಬಿನ ಗಾಡಿಗಳು ಎಬ್ಬಿಸುವ ಧೂಳು ಹರಿದ ಏರ್ ಫಿಲ್ಟರಿನ ಮೂಲಕ ನೇರ ಸಿಲಿಂಡರಿಗೆ ಇಳಿಯುತ್ತದೆ. ಆಯಿಲ್ ಜೊತೆ ಬೆರೆತ ಧೂಳು ಅರೆಯುವ ಲೇಪವೇ ಸರಿ. ಫಿಲ್ಟರಿಗೆ ಖರ್ಚು ಮಾಡದೆ ಬೋರಿಂಗಿಗೆ ಸಾವಿರಗಟ್ಟಲೆ ಸುರಿಯುವುದು ನನಗೆ ಇಂದಿಗೂ ಅರ್ಥವಾಗದ ಲೆಕ್ಕ.

ಈ ಕಸುಬಿಗೆ ಬೇಕಾದ ಬುದ್ಧಿ, ಸಾಮಾನು ನಮ್ಮ ಸುತ್ತಲೇ ಇವೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಸುರು ಮಾಡಿ ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಬೆಳಗಾವಿಯ ಉದ್ಯಮಬಾಗದಲ್ಲಿ ಕ್ರ್ಯಾಂಕ್‌ಶಾಫ್ಟ್ ತಯಾರಾಗುತ್ತವೆ. ನಿಪ್ಪಾಣಿಯಿಂದ ಒಂದು ತಾಸಿನ ದಾರಿಯ ಕೊಲ್ಹಾಪುರದಲ್ಲಿ ಎರಕದ ಕಾರ್ಖಾನೆಗಳಿವೆ, ಪಿಸ್ಟನ್ ಕಾರ್ಖಾನೆಯೇ ಇದೆ. ಇಂಥ ನೆಲದಲ್ಲಿ ಅಂದಾಜಿನ ಮೇಲೆ ಬೋರು ಕೊರೆಯುವುದು ನಮಗೆ ಶೋಭೆಯಲ್ಲ. ಐಟಿಐಗಳ ಡೀಸೆಲ್ ಮೆಕ್ಯಾನಿಕ್ ಪಾಠದಲ್ಲಿ ಸಿಲಿಂಡರಿನ ಸವೆತ ಅಳೆಯುವುದನ್ನು ಕಲಿಸುತ್ತಾರೆ. ಆದರೆ ಗೇಜು ಹಿಡಿದ ಕೈಗೆ ಬೇರೆ ಬೇರೆ ಬ್ಲಾಕುಗಳ ರೂಢಿಯಾಗಬೇಕು. ಪ್ರಾಚಾರ್ಯರು ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಒಂದು ವಾರ ಹತ್ತಿರದ ಬೋರಿಂಗ್ ಅಂಗಡಿಗೆ ಕಳಿಸಲಿ. ನನ್ನ ಅಂಗಡಿಯ ಬಾಗಿಲು ತೆರೆದಿದೆ, ಯಾವ ಶುಲ್ಕವೂ ಬೇಡ.

ಅಳತೆ ಬರೆದ ಚೀಟಿಗೆ ಇನ್ನೊಂದು ಉಪಯೋಗವೂ ಇದೆ. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರ 2021ರಲ್ಲಿ ತಂದಿದೆ. ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಕಂಪನಿಯೇ ಹೇಳಿದ ಓವರ್‌ಸೈಜಿಗೆ ಬೋರ್ ಮಾಡಿಸಿದ್ದು ನನ್ನ ದೃಷ್ಟಿಯಲ್ಲಿ ರಿಪೇರಿ, ಮಾರ್ಪಾಡಲ್ಲ. ನಾಳೆ ಕೆಎ-23ರ ಆರ್‌ಟಿಒ ಕಚೇರಿಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಕಾಗದ ಬೇಕಲ್ಲವೇ? ಅಜ್ಜನ ಗಾಡಿ ಮೊಮ್ಮಗನ ಕೈಗೆ ಬಂದಾಗ, ಇದು ಎಷ್ಟನೆಯ ಬೋರು, ಇನ್ನೆಷ್ಟು ಉಳಿದಿದೆ ಎಂದು ಹೇಳುವುದೂ ಅದೇ ಕಾಗದ.

ನಮ್ಮ ಕಡೆಯ ಬೋರಿಂಗ್ ಅಂಗಡಿಯ ಬಂಧುಗಳಲ್ಲಿ ನನ್ನ ವಿನಂತಿ: ಬಿಲ್ಲಿನ ಹಿಂದೆಯೇ ಬರೆಯಿರಿ, ಬೇರೆ ಪುಸ್ತಕ ಅಚ್ಚು ಹಾಕಿಸುವುದು ಬೇಡ. ಗಾಡಿಯವರಿಗೂ ಅಷ್ಟೇ. ಮುಂದಿನ ಸಲ ಬ್ಲಾಕ್ ಒಯ್ದಾಗ ಬೋರಿಂಗಿಗೆ ಮುಂಚಿನ ಆರು ಅಳತೆ, ಪಿಸ್ಟನ್ನಿನ ಅಳತೆ, ಬಿಟ್ಟ ಸಂದು, ಇಷ್ಟನ್ನು ಬರೆಸಿಕೊಂಡ ಮೇಲೆಯೇ ಹಣ ಕೊಡಿ. ಆ ಚೀಟಿಯನ್ನು ಗಾಡಿಯ ಆರ್‌ಸಿ ಜೊತೆ ಇಡಿ.